ಡ್ರಾಫ್ಟಿಂಗ್‌ಗೆ ಪುಟ್ಟ ಲಿಸ್ಪ್ ಸ್ಕ್ರಿಪ್ಟ್‌ಗಳು: ನನ್ನ ಅನುಭವ

ಕಂಪ್ಯೂಟರ್‌ನಲ್ಲಿ ನಕ್ಷೆ ಬಿಡಿಸುವ ಆಟೋಕ್ಯಾಡ್‌ನಲ್ಲಿ ಕೆಲಸ ಮಾಡುವವರ ಹೊತ್ತು ಗೆರೆ ಎಳೆಯುವುದರಲ್ಲೇ ಹೋಗುವುದಿಲ್ಲ. ಲೇಯರ್ (ನಕ್ಷೆಯ ಪದರ) ಬದಲಿಸು, ಕೋಣೆಯ ವಿಸ್ತೀರ್ಣ ನೋಡಿ ಬರೆ, ಬೇಡದ ಬ್ಲಾಕ್ (ಸಿದ್ಧ ಚಿತ್ರ) ಪರ್ಜ್ ಮಾಡಿ ತೆಗೆ, ಸೇವ್ ಮಾಡು. ಇಂಥ ಚಿಲ್ಲರೆ ಕೆಲಸಗಳೇ ದಿನವನ್ನು ತಿನ್ನುತ್ತವೆ. ಇವಕ್ಕೆ ದೊಡ್ಡ ಪ್ಲಗಿನ್ ಬೇಕಿಲ್ಲ, ಆಟೋಕ್ಯಾಡ್‌ನೊಳಗಿನ ಪ್ರೋಗ್ರಾಮಿಂಗ್ ಭಾಷೆ ಆಟೋಲಿಸ್ಪ್ (ಚಿಕ್ಕದಾಗಿ ಲಿಸ್ಪ್) ಸಾಕು. 1986ರಿಂದ ಅದು ಆಟೋಕ್ಯಾಡ್ ಜೊತೆಗಿದೆ. 2024ರ ಆವೃತ್ತಿಯಿಂದ ಅಗ್ಗದ ರೂಪವಾದ ಆಟೋಕ್ಯಾಡ್ ಎಲ್‌ಟಿಯಲ್ಲೂ ಸಿಗುತ್ತದೆ.

ಎಲ್ಲದಕ್ಕೂ ಸ್ಕ್ರಿಪ್ಟ್ ಬರೆಯಬೇಡಿ. ಕಮ್ಯಾಂಡ್ ಹೆಸರು ಉದ್ದವಾಯಿತು ಎನ್ನುವುದಷ್ಟೇ ತೊಂದರೆಯಾದರೆ ಪಿಜಿಪಿ ಫೈಲಿನಲ್ಲಿ ಎರಡಕ್ಷರದ ಅಡ್ಡಹೆಸರು ಸೇರಿಸಿ, ಆ ಫೈಲನ್ನು ಮತ್ತೆ ಓದಿಸಲು ರೀಇನಿಟ್ ಕೊಡಿ, ಮುಗಿಯಿತು. ಮೂರು ನಾಲ್ಕು ಕಮ್ಯಾಂಡ್‌ಗಳು ಪ್ರತಿ ಸಲ ಅದೇ ಕ್ರಮದಲ್ಲಿ, ಅದೇ ಉತ್ತರಗಳೊಂದಿಗೆ ಬರುತ್ತಿದ್ದರೆ ಅಲ್ಲಿ ಲಿಸ್ಪ್ ಬೇಕು. ಡೈಮೆನ್ಷನ್ ಗೆರೆ ಎಲ್ಲಿ ಕೂತರೆ ಓದಲು ಚೆನ್ನ ಎನ್ನುವಂಥ ತೀರ್ಮಾನ ಕಣ್ಣಿಗೇ ಇರಲಿ.

ನಾನು ಅತಿ ಹೆಚ್ಚು ಬಳಸುವುದು ಕೋಣೆಗಳ ವಿಸ್ತೀರ್ಣ ಬರೆಯುವ ಸ್ಕ್ರಿಪ್ಟ್. ಕೋಣೆಯ ಒಳಗೋಡೆಗೆ ತಾಗಿ ಮುಚ್ಚಿದ ಪಾಲಿಲೈನ್ (ಹಲವು ತುಂಡು ಸೇರಿ ಒಂದೇ ಆದ ಗೆರೆ) ಒಂದು ಪ್ರತ್ಯೇಕ ಲೇಯರ್‌ನಲ್ಲಿರಬೇಕು, ಅದೊಂದೇ ಷರತ್ತು. ಮೊದಲು ಎಸ್‌ಎಸ್‌ಗೆಟ್ ಎಂಬ ಲಿಸ್ಪ್ ಫಂಕ್ಷನ್‌ನಿಂದ ಆ ಪಾಲಿಲೈನ್‌ಗಳನ್ನು ಆರಿಸಬೇಕು. ವಸ್ತುವಿನ ಒಂದೊಂದು ಗುಣಕ್ಕೂ ಒಂದು ಸಂಖ್ಯೆ, ಅಂದರೆ ಕೋಡ್ ಇರುತ್ತದೆ. ಫಿಲ್ಟರ್‌ನಲ್ಲಿ ವಸ್ತುವಿನ ಬಗೆ ಹೇಳುವ ಕೋಡ್ 0ಕ್ಕೆ ಎಲ್‌ಡಬ್ಲ್ಯೂಪಾಲಿಲೈನ್, ಕೋಡ್ 8ಕ್ಕೆ ಲೇಯರ್ ಹೆಸರು, ಕೋಡ್ 410ಕ್ಕೆ ನಕ್ಷೆ ಬಿಡಿಸುವ ಜಾಗವಾದ ಮಾಡೆಲ್. ಕೊನೆಯದನ್ನು ಬಿಟ್ಟರೆ ಲೇಔಟ್‌ಗಳಲ್ಲಿರುವ (ಮುದ್ರಣದ ಹಾಳೆಗಳಲ್ಲಿರುವ) ಪಾಲಿಲೈನ್‌ಗಳೂ ಬಂದು ಸೇರುತ್ತವೆ. ಮುಚ್ಚಿದೆಯೇ ಎಂದು ತಿಳಿಯಲು ಕೋಡ್ 70ರ ಬೆಲೆ 1 ಎಂದು ಬರೆಯುವುದು ವಾಡಿಕೆ. ಆದರೆ ಪಾಲಿಲೈನ್‌ಗೆ ಲೈನ್‌ಟೈಪ್ ಜನರೇಷನ್ (ತುಂಡುಗೆರೆಯ ವಿನ್ಯಾಸ ಮೂಲೆಗಳಲ್ಲೂ ಮುರಿಯದೆ ಸಾಗುವ ಸೌಲಭ್ಯ) ಆನ್ ಆಗಿದ್ದರೆ ಆ ಬೆಲೆ 129 ಆಗಿರುತ್ತದೆ, ಆಗ ಒಂದು ಕೋಣೆ ಸದ್ದಿಲ್ಲದೆ ತಪ್ಪಿಹೋಗುತ್ತದೆ. ಕೋಡ್ ಮೈನಸ್ 4ರ ಜೊತೆ ಆ್ಯಂಪರ್‌ಸ್ಯಾಂಡ್ ಚಿಹ್ನೆ ಕೊಟ್ಟು 1ರ ಬಿಟ್ ಮಾತ್ರ ಪರೀಕ್ಷಿಸಿದರೆ ಎರಡೂ ಬಗೆಯವು ಸಿಗುತ್ತವೆ. ಮುಚ್ಚಿರದ ಪಾಲಿಲೈನ್ ನುಸುಳಿದರೆ ಎರರ್ ಏನೂ ಬರುವುದಿಲ್ಲ. ಎರಡು ತುದಿಗಳ ನಡುವೆ ನೇರ ಗೆರೆ ಇದೆಯೆಂದು ಭಾವಿಸಿ ಆಟೋಕ್ಯಾಡ್ ಒಂದು ಅಂಕಿ ಕೊಟ್ಟೇ ಕೊಡುತ್ತದೆ. ಆದ್ದರಿಂದ ಈ ಫಿಲ್ಟರ್ ಬಿಗಿಯಾಗಿರಲೇಬೇಕು.

ಡ್ರಾಯಿಂಗ್ ಮಿಲಿಮೀಟರ್‌ನಲ್ಲಿದ್ದರೆ ಬಂದ ವಿಸ್ತೀರ್ಣವನ್ನು 10,00,000ದಿಂದ ಭಾಗಿಸಿದರೆ ಚದರ ಮೀಟರ್. ಅದನ್ನು ಅಕ್ಷರಕ್ಕೆ ತಿರುಗಿಸುವುದು ಆರ್‌ಟಿಓಎಸ್. ಎರಡು ದಶಮಾಂಶ ಕೇಳಿದರೂ 12.50 ಇರಬೇಕಾದಲ್ಲಿ 12.5 ಬರುವುದುಂಟು. ಕಾರಣ ಡೈಮ್‌ಝಿನ್ ಎಂಬ ಸೆಟ್ಟಿಂಗ್. ಅದರ ಬೆಲೆಯಲ್ಲಿ 8 ಸೇರಿದ್ದರೆ ಕೊನೆಯ ಸೊನ್ನೆಗಳು ಉದುರುತ್ತವೆ, ಮೆಟ್ರಿಕ್ ಟೆಂಪ್ಲೇಟ್‌ಗಳಲ್ಲಿ ಸಾಮಾನ್ಯವಾಗಿ 8 ಇರುತ್ತದೆ. ಸ್ಕ್ರಿಪ್ಟ್ ನಡೆಯುವಷ್ಟು ಹೊತ್ತು 0 ಮಾಡಿ, ಮುಗಿದ ಮೇಲೆ ಹಳೆಯದಕ್ಕೆ ತನ್ನಿ.

ಅಕ್ಷರ ಕೂರಿಸಲು ಟೆಕ್ಸ್ಟ್ ಕಮ್ಯಾಂಡ್ ಕರೆಯಬೇಡಿ. ಟೆಕ್ಸ್ಟ್ ಸ್ಟೈಲ್‌ಗೆ ಎತ್ತರ ಮೊದಲೇ ನಿಗದಿಯಾಗಿದ್ದರೆ ಕಮ್ಯಾಂಡ್ ಎತ್ತರವನ್ನು ಕೇಳುವುದೇ ಇಲ್ಲ. ಎತ್ತರವೆಂದು ಕೊಟ್ಟ 250 ಕೋನವಾಗುತ್ತದೆ, ಕೋನವೆಂದು ಕೊಟ್ಟ 0 ಅಕ್ಷರವಾಗಿ ಡ್ರಾಯಿಂಗ್ ಮೇಲೆ ಬೀಳುತ್ತದೆ. ಒಬ್ಬರ ಕಂಪ್ಯೂಟರ್‌ನಲ್ಲಿ ಓಡಿದ ಸ್ಕ್ರಿಪ್ಟ್ ಇನ್ನೊಬ್ಬರ ಡ್ರಾಯಿಂಗ್‌ನಲ್ಲಿ ಕೈಕೊಡುವುದಕ್ಕೆ ಇಂಥ ಪ್ರಶ್ನೆಗಳ ಏರುಪೇರೇ ಮುಖ್ಯ ಕಾರಣ. ವಸ್ತುವನ್ನು ನೇರವಾಗಿ ಸೃಷ್ಟಿಸುವ ಎಂಟ್‌ಮೇಕ್ ಫಂಕ್ಷನ್ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ, ವೇಗವೂ ಹೆಚ್ಚು. ನಡುವಿಗೆ ಜೋಡಿಸಲು ಕೋಡ್ 72 ಮತ್ತು 73 ಕೊಟ್ಟರೆ ಕೋಡ್ 11ರ ಬಿಂದುವನ್ನೂ ಮರೆಯದೆ ಕೊಡಿ, ಇಲ್ಲದಿದ್ದರೆ ಅಕ್ಷರಗಳೆಲ್ಲ ಮೂಲಬಿಂದುವಿನಲ್ಲಿ ರಾಶಿ ಬೀಳುತ್ತವೆ. ಎಲ್ ಆಕಾರದ ಕೋಣೆಗಳಲ್ಲಿ ಕೋಣೆಯನ್ನು ಸುತ್ತುವರಿದ ಚೌಕಟ್ಟಿನ ನಡುಬಿಂದು ಕೋಣೆಯ ಹೊರಗೇ ಬೀಳಬಹುದು, ಅಲ್ಲಿ ಗೆಟ್‌ಪಾಯಿಂಟ್‌ನಿಂದ ಜಾಗ ಕೇಳುವುದೇ ವಾಸಿ. ಯುಸಿಎಸ್ (ಬಳಸುವವರು ಇಟ್ಟುಕೊಂಡ ಅಕ್ಷಗಳು) ತಿರುಗಿಸಿದ್ದರೆ ಆ ಬಿಂದುವನ್ನು ಟ್ರಾನ್ಸ್ ಫಂಕ್ಷನ್‌ನಿಂದ 1ರಿಂದ (ಯುಸಿಎಸ್) 0ಗೆ (ಮೂಲ ಅಕ್ಷಗಳು) ಬದಲಿಸಿಕೊಳ್ಳಬೇಕು.

ಕಮ್ಯಾಂಡ್ ಬಳಸಲೇಬೇಕಾದ ಕಡೆ ಬಿಂದುವನ್ನು ಹತ್ತಿರದ ವಸ್ತುವಿಗೆ ಅಂಟಿಸುವ ಓಸ್ನ್ಯಾಪ್‌ನ ಕಾಟ. ಸ್ಕ್ರಿಪ್ಟ್ ಕರಾರುವಾಕ್ಕಾಗಿ ಕೊಟ್ಟ ಬಿಂದುವನ್ನೂ ಅದು ಪಕ್ಕದ ಗೋಡೆಯ ತುದಿಗೆ ಎಳೆದುಕೊಳ್ಳುತ್ತದೆ. ಅದರ ಅಳತೆ ಪರದೆಯ ಪಿಕ್ಸೆಲ್‌ನಲ್ಲಿರುವುದರಿಂದ ಝೂಮ್ ಔಟ್ ಆದಷ್ಟೂ ಕಾಟ ಹೆಚ್ಚು. ಹತ್ತಿರದಿಂದ ನೋಡಿದಾಗ ಸರಿಯಿದ್ದದ್ದು ದೂರದಿಂದ ಓಡಿಸಿದಾಗ ಕೆಡುತ್ತದೆ. ಓಸ್ನ್ಯಾಪ್‌ನ ಸೆಟ್ಟಿಂಗ್ ಆದ ಓಎಸ್‌ಮೋಡ್ ಬೆಲೆಯನ್ನು ಎತ್ತಿಟ್ಟುಕೊಂಡು 0 ಮಾಡಿ, ಕೊನೆಯಲ್ಲಿ ಮರಳಿಸಬೇಕು. ಬಳಸುವವರು ನಡುವೆ ಎಸ್ಕೇಪ್ ಒತ್ತಿದರೆ ಕೊನೆಯ ಸಾಲು ತಲುಪುವುದೇ ಇಲ್ಲ, ಅವರ ಸ್ನ್ಯಾಪ್‌ಗಳೆಲ್ಲ ಆಫ್ ಆಗಿ ಉಳಿಯುತ್ತವೆ. ಹಾಗಾಗಿ ಎರರ್ ಫಂಕ್ಷನ್ ಒಂದನ್ನು ಸ್ಕ್ರಿಪ್ಟ್‌ನ ಒಳಗೇ ಬರೆದು, ಮರಳಿಸುವ ಕೆಲಸವನ್ನು ಅಲ್ಲೂ ಇಡಬೇಕು. 2015ರ ಆವೃತ್ತಿಯಿಂದ ಆ ಫಂಕ್ಷನ್‌ನೊಳಗೆ ಸಾದಾ ಕಮ್ಯಾಂಡ್ ನೇರವಾಗಿ ನಡೆಯುವುದಿಲ್ಲ, ಕಮ್ಯಾಂಡ್-ಎಸ್ ಬಳಸಿ. ಅಂಡೂ ಬಿಗಿನ್, ಅಂಡೂ ಎಂಡ್ ಎರಡನ್ನೂ ಸೇರಿಸಿದರೆ ನಲವತ್ತು ಕೋಣೆಗಳ ಬರಹವನ್ನು ಒಂದೇ ಅಂಡೂನಲ್ಲಿ ತೆಗೆಯಬಹುದು. ಇಷ್ಟಿಲ್ಲದ ಸ್ಕ್ರಿಪ್ಟ್ ಅನ್ನು ನಾನು ಯಾರಿಗೂ ಕೊಡುವುದಿಲ್ಲ.

ವೇರಿಯಬಲ್‌ಗಳ ಹೆಸರನ್ನು ಫಂಕ್ಷನ್ ಶುರುವಾಗುವ ಡಿಫನ್ ಸಾಲಿನ ಓರೆಗೆರೆಯ (/) ನಂತರ ಬರೆಯಿರಿ. ಬಿಟ್ಟರೆ ಅವು ಆ ಡ್ರಾಯಿಂಗ್ ಮುಚ್ಚುವವರೆಗೂ ಬದುಕಿದ್ದು, ಅದೇ ಹೆಸರು ಬಳಸುವ ಇನ್ನೊಂದು ಸ್ಕ್ರಿಪ್ಟ್‌ಗೆ ಹಳೆಯ ಬೆಲೆ ಉಣಿಸುತ್ತವೆ.

ಲೋಡ್ ಮಾಡಲು ಆ್ಯಪ್‌ಲೋಡ್‌ನ ಸ್ಟಾರ್ಟಪ್ ಸೂಟ್ (ತಾವಾಗಿಯೇ ಲೋಡ್ ಆಗುವ ಫೈಲುಗಳ ಪಟ್ಟಿ) ಸಾಕು. ಫೋಲ್ಡರ್ ಅನ್ನು ಟ್ರಸ್ಟೆಡ್ ಪಾತ್‌ಗೆ ಸೇರಿಸಿದರೆ ಪ್ರತಿ ಸಲದ ಎಚ್ಚರಿಕೆ ನಿಲ್ಲುತ್ತದೆ. ಕಿರಿಕಿರಿಯೆಂದು ಈ ಎಚ್ಚರಿಕೆಯ ಸೆಟ್ಟಿಂಗ್ ಆದ ಸೆಕ್ಯೂರ್‌ಲೋಡ್ ಅನ್ನು 0 ಮಾಡಬೇಡಿ, ಡ್ರಾಯಿಂಗ್ ಫೋಲ್ಡರ್‌ಗಳ ಜೊತೆ ಲಿಸ್ಪ್ ವೈರಸ್‌ಗಳು ಬರುವುದು ನಿಜ. ಲಿಸ್ಪ್‌ನಲ್ಲಿ ಪಾತ್ ಬರೆಯುವಾಗ ಹಿಂದಕ್ಕೆ ವಾಲಿದ ಓರೆಗೆರೆ (\) ಎರಡೆರಡು ಬೇಕು, ಇಲ್ಲವೇ ಮುಂದಕ್ಕೆ ವಾಲಿದ ಓರೆಗೆರೆ (/) ಒಂದು.

ನೂರಾರು ಡ್ರಾಯಿಂಗ್‌ಗಳಿಗೆ ಒಂದೇ ಕೆಲಸ ಮಾಡಬೇಕಾದಾಗ ಕಮ್ಯಾಂಡ್‌ಗಳನ್ನು ಸಾಲಾಗಿ ಬರೆದಿಡುವ ಎಸ್‌ಸಿಆರ್ ಫೈಲ್ ಬರೆದು, ಪರದೆಯಿಲ್ಲದ ಆಟೋಕ್ಯಾಡ್ ಆದ ಆಕೋರ್‌ಕನ್ಸೋಲ್‌ಗೆ ಡ್ರಾಯಿಂಗ್ ಮತ್ತು ಸ್ಕ್ರಿಪ್ಟ್ ಎರಡರ ಪಾತ್ ಕೊಟ್ಟು ಬ್ಯಾಚ್ ಫೈಲಿನಿಂದ ಓಡಿಸುತ್ತೇನೆ. ಪರದೆ ತೆರೆಯುವುದಿಲ್ಲ, ಹಾಗಾಗಿ ಬಹಳ ಬೇಗ. ಎಸ್‌ಸಿಆರ್‌ನಲ್ಲಿ ಒಂದು ಸ್ಪೇಸ್ ಎಂದರೆ ಒಂದು ಎಂಟರ್. ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಸ್ಪೇಸ್ ಉಳಿದರೆ ಹಿಂದಿನ ಕಮ್ಯಾಂಡ್ ಮತ್ತೆ ಶುರುವಾಗಿ ಮುಂದಿನ ಸಾಲುಗಳೆಲ್ಲ ದಾರಿ ತಪ್ಪುತ್ತವೆ. ಕೊನೆಯ ಸಾಲಿನ ನಂತರ ಮಾತ್ರ ಒಂದು ಎಂಟರ್ ಇರಲೇಬೇಕು. ಡೈಲಾಗ್ ಬಾಕ್ಸ್ ತೆರೆಯುವ ಪರ್ಜ್‌ನಂಥ ಕಮ್ಯಾಂಡ್‌ಗಳ ಮುಂದೆ ಅಡ್ಡಗೆರೆ (-) ಹಾಕಿ. ಬೇರೆಯವರು ತೆರೆದಿಟ್ಟುಕೊಂಡ ಡ್ರಾಯಿಂಗ್‌ಗಳು ರೀಡ್ ಓನ್ಲಿ ಆಗಿ ತೆರೆದು ಸೇವ್ ಆಗುವುದಿಲ್ಲ, ಆದ್ದರಿಂದ ಎಲ್ಲರೂ ಫೈಲ್ ಮುಚ್ಚಿದ ಮೇಲೆ, ಫೋಲ್ಡರ್‌ನ ಒಂದು ನಕಲನ್ನು ಬೇರೆಡೆ ಇಟ್ಟು ಓಡಿಸಿ, ಆಮೇಲೆ ಫೈಲುಗಳು ಬದಲಾದ ಸಮಯ ನೋಡಿ ಯಾವುದು ಉಳಿಯಿತೆಂದು ಹುಡುಕಿ.