ಗಾದೆ ಮುರಿದು ಕವಿತೆ ಕಟ್ಟಿದ್ದು

ಗಾದೆ ಹಿಡ್ಕೊಂಡು ಕವಿತೆ ಬರೆಯೋಕಾಗಲ್ಲ, ಸವಕಲಾಗುತ್ತೆ ಅಂತ ಚಿಕ್ಕಮಗಳೂರಿನ ಕವಿಗೋಷ್ಠಿಗಳಲ್ಲಿ ನನಗೆ ಹೇಳದವರಿಲ್ಲ. ಹೋದ ಯುಗಾದಿ ಗೋಷ್ಠಿಯಲ್ಲಿ ಅದೇ ಜನ ‘ಇನ್ನೊಂದ್ಸಲ ಓದಿ’ ಅಂದರು. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅದಕ್ಕೂ ಮುಂಚೆ ಕೈ ಸುಟ್ಟುಕೊಂಡಿದ್ದು ಕಮ್ಮಿಯಲ್ಲ. ಮೊದಲ ಸಂಕಲನಕ್ಕೆ ಹದಿನೆಂಟು ಸಾವಿರದ ಹತ್ತಿರ ಹೋಯಿತು. ಮುನ್ನೂರು ಪ್ರತಿ ಹಾಕಿಸಿದ್ದೆ. ಮಾರಿದ್ದು ಅರವತ್ತೋ ಎಪ್ಪತ್ತೋ, ಅದರಲ್ಲೂ ಅರ್ಧ ನೆಂಟರಿಗೆ. ಬೆಳದಿಂಗಳು, ಕಣ್ಣೀರು, ಮೌನ, ಬರೀ ಇವೇ ತುಂಬಿದ್ದವು. ಪತ್ರಿಕೆಗಳಿಗೆ ಕಳಿಸಿದ್ದಕ್ಕೆ ಉತ್ತರವೇ ಬರಲಿಲ್ಲ, ಅಂಚೆ ಖರ್ಚು ಬೇರೆ.

ನಾನು ಮೂಡಿಗೆರೆ ಕಡೆ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಕೂಲಿ ಲೆಕ್ಕ ಬರೆಯುವವನು. ಹಣ್ಣು ಕೊಯ್ಯುವ ಸೀಸನ್ನಲ್ಲಿ ಆಳುಗಳ ಬಾಯಲ್ಲಿ ಗಾದೆ ಉದುರುತ್ತಲೇ ಇರುತ್ತವೆ. ಹಾಜರಿ ಪುಸ್ತಕದ ಹಿಂದಿನ ಪುಟಗಳಲ್ಲಿ ಅವನ್ನು ಗೀಚಿಕೊಂಡೆ. ಮೊದಮೊದಲು ಅರ್ಥ ವಿಸ್ತರಿಸಿ ಬರೆದೆ. ಹೈಸ್ಕೂಲ್ ಪ್ರಬಂಧದ ಹಾಗಾಯಿತು, ಬಿಟ್ಟೆ. ಆಮೇಲೆ ಅರ್ಥ ಪಕ್ಕಕ್ಕಿಟ್ಟು ಮಾತ್ರೆ ಎಣಿಸಿದೆ, ಅಂದರೆ ಅಕ್ಷರದ ಉಚ್ಚಾರದ ಅಳತೆ: ಗಿಡ್ಡ ಅಕ್ಷರಕ್ಕೆ ಒಂದು; ಉದ್ದದ್ದಕ್ಕೆ, ಸೊನ್ನೆ ಇರುವುದಕ್ಕೆ, ಒತ್ತಕ್ಷರದ ಹಿಂದಿನದಕ್ಕೆ ಎರಡು. ಅಲ್ಲೇ ದಾರಿ ಸಿಕ್ಕಿದ್ದು.

‘ಭರಣಿ ಮಳೆ ಧರಣಿ ಬೆಳೆ’ ತಗೊಳ್ಳಿ. ಐದು, ಐದು. ಎರಡೂ ಕಡೆ ಎರಡನೇ ಅಕ್ಷರ ‘ರ’, ಹಾಗಾಗಿ ಆದಿಪ್ರಾಸವೂ ಇದೆ; ಕೊನೆಯಲ್ಲಿ ‘ಳೆ’, ಅಂತ್ಯಪ್ರಾಸವೂ ಇದೆ. ಆರು ಸಾಲಿನ ಹಳೆಯ ಛಂದಸ್ಸು ವಾರ್ಧಕ ಷಟ್ಪದಿಯ ಮೊದಲ ಸಾಲಿನ ಅರ್ಧ ಹೀಗೇ ಐದೈದರಲ್ಲಿ ನಡೆಯುತ್ತೆ. ನಮ್ಮ ಕಡೂರು ತಾಲೂಕಿನ ದೇವನೂರಿನ ಲಕ್ಷ್ಮೀಶ ಕಾವ್ಯ ಬರೆದದ್ದು ಅದೇ ಷಟ್ಪದಿಯಲ್ಲಿ ಅಲ್ವಾ! ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಣಿಸಿ. ಹದಿನೈದು, ಹದಿನೈದು. ಅದಕ್ಕೇ ಬಾಲ ಅದಲುಬದಲು ಮಾಡಿದರೂ ತಾಳ ತಪ್ಪಲ್ಲ. ‘ಊಟ ಬಲ್ಲವನಿಗೆ ಜಗಳವಿಲ್ಲ.’ ಇದನ್ನು ಮದುವೆ ಮನೆಯ ಪಂಕ್ತಿಯಲ್ಲಿ ಹೇಳಿ ನೋಡಿ, ಎಲೆ ಮುಂದೆ ಕೂತವರೆಲ್ಲ ನಗುತ್ತಾರೆ.

ಚೀಟಿ ಮಾಡಿ ಒಂದು ಡಬ್ಬಿಯಲ್ಲಿ ತಲೆಗಳು, ಇನ್ನೊಂದರಲ್ಲಿ ಬಾಲಗಳು ಅಂತ ಹಾಕಿಟ್ಟೆ. ಸಂಜೆ ಎರಡೆರಡು ಎತ್ತುವುದು. ನೂರಕ್ಕೆ ತೊಂಬತ್ತು ಕಸ. ‘ಕೈ ಕೆಸರಾದರೆ ಮೌನ ಬಂಗಾರ’ ಬಂದ ದಿನ ಮಾತ್ರ ನಿದ್ದೆ ಬರಲಿಲ್ಲ. ನಮ್ಮ ಕೂಲಿ ಲೆಕ್ಕದ ದಿನಕ್ಕೆ ಹೇಳಿ ಮಾಡಿಸಿದಂತಿತ್ತು. ಅದೊಂದು ಸಾಲಿನಿಂದಲೇ ಒಂದಿಡೀ ಕವಿತೆ ಆಯಿತು.

ಯುಗಾದಿಗೆ ಓದಿದ್ದು ಇದು:

ಅಡಿಕೆಗೆ ಹೋದ ಮಾನ
ಆನೆ ಕೊಟ್ಟರೂ ಬಾರದಂತೆ.
ಆನೆ ತಾನೇ ಬಂತು,
ಅಡಿಕೆ ತೋಟ ಹೋಯಿತು.
ಮಾನ ಇದೆಯಾ ಕೇಳಿದೆ,
ಅರ್ಜಿ ಹಾಕಿ ಅಂದರು.

ಸಕಲೇಶಪುರ, ಆಲೂರು ಕಡೆಯಿಂದ ಬಂದವರೂ ಇದ್ದರು. ಆನೆ ಕಾಟ ಅವರಿಗೆ ನಾನು ವಿವರಿಸಬೇಕಾ? ಮೂರನೇ ಸಾಲಿಗೇ ಚಪ್ಪಾಳೆ ಬಿತ್ತು. ಆಮೇಲೆ ಒಂದು ಪತ್ರಿಕೆಯವರು ಹಾಕಿಕೊಂಡರು, ನಾಲ್ಕುನೂರೋ ಐನೂರೋ ಕೊಟ್ಟರು.

ಗಾದೆಯ ಯಾವ ಅರ್ಧ ಉಳಿಸಬೇಕು, ಯಾವುದು ಬಿಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೊಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಎರಡನೇ ಪುಸ್ತಕ ಬರೋವರೆಗೆ ಅದು ನನ್ನ ಹತ್ರವೇ ಇರಲಿ.

ಮಧ್ಯೆ ಇನ್ನೊಂದು ಷಟ್ಪದಿ, ಮೂರು ನಾಲ್ಕು ಮೂರು ನಾಲ್ಕರಲ್ಲಿ ನಡೆಯುವ ಭಾಮಿನಿಯನ್ನೂ ಕೆಣಕಿದೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಅನ್ನೋದು ಮೂರು ನಾಲ್ಕು ಮೂರು, ಮತ್ತೆ ಮೂರು ನಾಲ್ಕು ಮೂರು. ಎರಡೂ ಕಡೆ ನಾಲ್ಕು ಮಾತ್ರೆ ಅಂಟಿಸಿದರೆ ಆಯ್ತು:

ಗಂಡ ಹೆಂಡಿರ ಜಗಳವೆಲ್ಲವು
ಉಂಡು ಮಲಗುವ ತನಕ ಮಾತ್ರವೆ

ಹದಿನಾಲ್ಕು, ಹದಿನಾಲ್ಕು, ಪ್ರಾಸವೂ ಸರಿ! ಮೂರನೇ ಸಾಲಿನ ಇಪ್ಪತ್ತಮೂರು ಮಾತ್ರೆಗೆ ಇನ್ನೂ ಒದ್ದಾಡುತ್ತಿದ್ದೇನೆ. ಎರಡನೇ ಅಕ್ಷರ ‘ಡ’ ಬರಬೇಕು, ಹಿಂದೆ ಸೊನ್ನೆ ಇರಬೇಕು. ಮನೆಯವಳು ‘ದಂಡ’ ಅಂತ ಶುರುಮಾಡಿ ಅಂದಳು.

ದುಡ್ಡು ಸಿಕ್ಕಿದ್ದು ಮಾತ್ರ ನೆನೆಸದ ಕಡೆಯಿಂದ. ಒಂದು ಹೋಂಸ್ಟೇಯವರು ರೂಮಿನ ಬೋರ್ಡಿಗೆ ಸಾಲು ಕೇಳಿದರು. ‘ಹಾಸಿಗೆ ಇದ್ದಷ್ಟು ಕಾಲು ಚಾಚು, ಸಾಲದಿದ್ದರೆ ಮ್ಯಾನೇಜರನ್ನು ಕೂಗು’ ಅಂತ ಕೊಟ್ಟೆ. ಕವಿತೆಯೇನೂ ಅಲ್ಲ, ಗೊತ್ತು. ಆದರೆ ಒಂದು ಬೋರ್ಡಿಗೆ ಸಾವಿರದೈನೂರು. ಹೀಗೆ ಏಳೆಂಟು ಬರೆದುಕೊಟ್ಟಿದ್ದೇನೆ, ಮೊದಲ ಪುಸ್ತಕದ ಸಾಲ ಅರ್ಧಕ್ಕಿಂತ ಜಾಸ್ತಿ ತೀರಿದೆ. ಸವಕಲು ಅಂದಿದ್ದವರಲ್ಲಿ ಒಬ್ಬರು ಮೊನ್ನೆ ಫೋನ್ ಮಾಡಿ, ಆ ಚೀಟಿ ಡಬ್ಬಿ ಒಂದು ವಾರಕ್ಕೆ ಕೊಡ್ತೀರಾ ಅಂದರು. ತಲೆಗಳ ಡಬ್ಬಿ ಕೊಟ್ಟಿದ್ದೇನೆ.