ಹಳೆ ಕಾಗದದ ಚುಕ್ಕಿ ಅಳಿಯದಂತೆ ಸ್ಕ್ಯಾನ್ ಮಾಡುವುದು ಹೇಗೆ?

ರಾಯಚೂರು ಸೀಮೆ 1948ರವರೆಗೂ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ಹಾಗಾಗಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಟ್ರಂಕ್ ತೆಗೆದರೆ ಉರ್ದುವಿನಲ್ಲಿ ಬರೆದ ಹೊಲದ ಕಾಗದ ಇವತ್ತಿಗೂ ಸಿಗುತ್ತದೆ. ಹಳದಿ ತಿರುಗಿರುತ್ತದೆ. ಮಡಿಚಿದ ಕಡೆ ಹರಿಯುತ್ತಿರುತ್ತದೆ. ಇದನ್ನು ಸ್ಕ್ಯಾನ್ ಮಾಡಿ ಇಟ್ಟುಬಿಡೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ ಅಲ್ವಾ?

ನಾನೂ ಹಾಗೇ ಮಾಡಿದೆ. ಅರ್ಧ ಪುಟದ ಕಾಗದ. ಮನೆಯ ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲಿ 2400 ಡಿಪಿಐ (ಎಷ್ಟು ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಬೇಕು ಎಂಬ ಅಂಕಿ) ಇಟ್ಟೆ. ಫೈಲ್ 800 ಎಂಬಿ ದಾಟಿತು. ಇಷ್ಟು ದೊಡ್ಡ ಫೈಲ್ ಅಂದ ಮೇಲೆ ಎಲ್ಲವೂ ಬಂದಿರಲೇಬೇಕು ಎಂದುಕೊಂಡೆ. ಉರ್ದು ಓದಲು ಬರುವ ನಿವೃತ್ತ ಮಾಸ್ತರರೊಬ್ಬರಿಗೆ ತೋರಿಸಿದೆ. ಅವರು ಪರದೆಯ ಹತ್ತಿರ ಬಗ್ಗಿ ನೋಡಿ, "ಇಲ್ಲಿ ನುಕ್ತಾ ಒಂದೈತೋ ಮೂರೈತೋ ತಮ್ಮಾ?" ಎಂದರು. ಮೂರು ನುಕ್ತಾ, ಅಂದರೆ ಚುಕ್ಕಿ, ಇರಬೇಕಾದ ಜಾಗದಲ್ಲಿ ಒಂದು ಮಸಿ ಕಲೆ ಇತ್ತು.

ಉರ್ದುವಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಬಟ್ಟಲಿನಂಥ ಒಂದೇ ಆಕಾರ. ಕೆಳಗೆ ಒಂದು ಚುಕ್ಕಿ ಇಟ್ಟರೆ 'ಬೇ', ಮೂರು ಇಟ್ಟರೆ 'ಪೇ', ಮೇಲೆ ಎರಡು ಇಟ್ಟರೆ 'ತೇ'. ಚುಕ್ಕಿ ಕೂಡಿಕೊಂಡರೆ ಊರಿನ ಹೆಸರೇ ಬೇರೆಯಾಗುತ್ತದೆ. ಕನ್ನಡದಲ್ಲೂ ಹೀಗೇ. 'ದ' ಮತ್ತು 'ಧ', 'ಪ' ಮತ್ತು 'ಫ' ನಡುವೆ ಇರುವುದು ಒಂದು ಸಣ್ಣ ಸೀಳು ಅಷ್ಟೇ.

ಹಾಗಾದರೆ ತಪ್ಪು ಎಲ್ಲಾಯಿತು? ಸ್ಕ್ಯಾನರ್ ಒಳಗೆ ಬೆಳಕು ಹೋಗುವ ದಾರಿಯಲ್ಲಿ. ಡಿಪಿಐ ಎಂದರೆ ಒಂದು ಇಂಚಿನಲ್ಲಿ ಎಷ್ಟು ಕಡೆ ಅಳತೆ ತೆಗೆಯುತ್ತದೆ ಎಂಬ ಲೆಕ್ಕ. ಅಲ್ಲಿಗೆ ಬರುವ ಬೆಳಕೇ ಮಸುಕಾಗಿದ್ದರೆ ಮಸುಕನ್ನೇ ಸಾವಿರ ಸಲ ಅಳೆದಂತಾಗುತ್ತದೆ.

ಒಳಗೆ ಏನಿದೆ

ಗಾಜಿನ ಕೆಳಗೆ ಒಂದು ಗಾಡಿ ಓಡಾಡುತ್ತದೆ. ಅದರಲ್ಲಿರುವ ದೀಪ ಕಾಗದದ ಮೇಲೆ ಓರೆಯಾಗಿ ಬೆಳಕು ಚೆಲ್ಲುತ್ತದೆ. ಕಾಗದದಿಂದ ಮರಳಿದ ಬೆಳಕು ಮೂರೋ ನಾಲ್ಕೋ ಕನ್ನಡಿಗಳ ಮೇಲೆ ಪುಟಿದು, ಒಂದು ಲೆನ್ಸ್ ಹಾಯ್ದು, ಬೆಳಕು ಅಳೆಯುವ ಕೋಶಗಳ ಸಾಲಿರುವ ಸಿಸಿಡಿ ಎಂಬ ಸಣ್ಣ ಪಟ್ಟಿಯ ಮೇಲೆ ಬೀಳುತ್ತದೆ. ಈ ಸಿಸಿಡಿಯನ್ನು 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದರು. ಅದಕ್ಕೆ 2009ರಲ್ಲಿ ನೊಬೆಲ್ ಬಂತು.

ಪುಟದ ಅಗಲ ಸುಮಾರು 216 ಮಿ.ಮೀ. 1200 ಡಿಪಿಐ ಬೇಕೆಂದರೆ ಆ ಅಗಲಕ್ಕೆ 10,200 ಕೋಶ ಬೇಕು. ಒಂದೊಂದು ಕೋಶ 4 ಮೈಕ್ರಾನ್ ಎಂದುಕೊಳ್ಳಿ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಆಗ ಇಡೀ ಪಟ್ಟಿ 41 ಮಿ.ಮೀ. ಉದ್ದ ಆಗುತ್ತದೆ. ಅಂದರೆ ಲೆನ್ಸ್ ನಿಮ್ಮ ಪುಟವನ್ನು ಐದನೇ ಒಂದು ಪಾಲಿಗಿಂತಲೂ ಚಿಕ್ಕದಾಗಿ ಕುಗ್ಗಿಸಿ, ಒಂದು ಚೂರೂ ಕಲಸಿಹೋಗದಂತೆ ಇಳಿಸಬೇಕು. ಎಲ್ಲ ಕಷ್ಟ ಇರುವುದು ಇಲ್ಲೇ.

ಲೆನ್ಸಿನ ಬಾಯಿ ದೊಡ್ಡದು ಮಾಡಿದರೆ ಬೆಳಕು ಧಾರಾಳ. ಆದರೆ ಪುಟದ ಅಂಚುಗಳಲ್ಲಿ ಚಿತ್ರ ಕೆಡುತ್ತದೆ, ಕಾಗದ ಸ್ವಲ್ಪ ಎದ್ದರೂ ಮಸುಕು. ಬಾಯಿ ತೀರಾ ಚಿಕ್ಕದು ಮಾಡಿದರೆ ಬೆಳಕಿನ ಅಲೆಗಳೇ ಹರಡಿಕೊಳ್ಳುತ್ತವೆ. ಬಾಯಿಯ ಅಳತೆಯನ್ನು ಎಫ್ ಅಂಕಿಯಲ್ಲಿ ಹೇಳುತ್ತಾರೆ, ಅಂಕಿ ದೊಡ್ಡದಾದಷ್ಟೂ ಬಾಯಿ ಚಿಕ್ಕದು. ಹಸಿರು ಬೆಳಕಿನಲ್ಲಿ ಎಫ್ 5.6 ಬಾಯಿ ಇದ್ದರೆ ಒಂದು ಚುಕ್ಕಿ ಸುಮಾರು 7.5 ಮೈಕ್ರಾನ್ ಬಿಲ್ಲೆಯಾಗಿ ಬೀಳುತ್ತದೆ. ಎಫ್ 11 ಆದರೆ ಸುಮಾರು 15 ಮೈಕ್ರಾನ್. 4 ಮೈಕ್ರಾನ್ ಕೋಶದ ಮೇಲೆ 15 ಮೈಕ್ರಾನ್ ಬಿಲ್ಲೆ ಬಿದ್ದರೆ ಪಕ್ಕದ ಮನೆಗೂ ನುಗ್ಗುತ್ತದೆ. ಇವೆರಡರ ನಡುವೆ ದಾರಿ ಹುಡುಕುವುದೇ ಸ್ಕ್ಯಾನರ್ ವಿನ್ಯಾಸ ಮಾಡುವವರ ಕೆಲಸ.

ಇನ್ನೊಂದು ಜಾತಿ ಇದೆ, ಸಿಐಎಸ್. ತೆಳ್ಳಗಿನ ಸ್ಕ್ಯಾನರ್‌ಗಳಲ್ಲೂ ಪ್ರಿಂಟರ್ ಜೊತೆ ಬರುವವುಗಳಲ್ಲೂ ಹೆಚ್ಚಾಗಿ ಇದೇ ಇರುತ್ತದೆ. ಇದರಲ್ಲಿ ಕನ್ನಡಿ ಇಲ್ಲ. ಪುಟದಷ್ಟೇ ಅಗಲದ ಸೆನ್ಸರ್ (ಬೆಳಕು ಅಳೆಯುವ ಪಟ್ಟಿ), ಅದರ ಮೇಲೆ ಸಾಲಾಗಿ ಜೋಡಿಸಿದ ಸಣ್ಣ ಗಾಜಿನ ಕಡ್ಡಿಗಳು. ಕುಗ್ಗಿಸುವ ಕೆಲಸವೇ ಇಲ್ಲ. ಆದರೆ ಕಾಗದ ಗಾಜಿಗೆ ಅಂಟಿಕೊಂಡೇ ಇರಬೇಕು. ಮಡಿಕೆ 1 ಮಿ.ಮೀ. ಎದ್ದರೂ ಅಕ್ಷರ ಹೋಯಿತು.

ನಿಮ್ಮದು ಯಾವುದು? ಕೀಲಿ ಗೊಂಚಲನ್ನು ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿ. ಗಾಜಿಗೆ ತಾಗದ ಕೀಲಿಗಳೂ ತಕ್ಕಮಟ್ಟಿಗೆ ಕಂಡರೆ ಸಿಸಿಡಿ. ಅವು ಕತ್ತಲಲ್ಲಿ ಕರಗಿದಂತಿದ್ದರೆ ಸಿಐಎಸ್.

ಮೊದಲು ಬ್ಲೇಡ್ ಪರೀಕ್ಷೆ

ಯಾವುದನ್ನೂ ಬಿಚ್ಚುವ ಮೊದಲು ಸ್ಕ್ಯಾನರ್ ನಿಜವಾಗಿ ಎಷ್ಟು ನೋಡುತ್ತದೆ ಎಂದು ತಿಳಿಯಬೇಕು. ಒಂದು ಹೊಸ ಶೇವಿಂಗ್ ಬ್ಲೇಡ್ ಸಾಕು. ಗಾಜಿನ ನಡುವೆ ಮೆಲ್ಲಗೆ ಮಲಗಿಸಿ. ಎಳೆಯಬೇಡಿ, ಗೀರು ಬೀಳುತ್ತದೆ. ನೇರವಾಗಿ ಬೇಡ, ಸುಮಾರು 5 ಡಿಗ್ರಿ ಓರೆಯಾಗಿರಲಿ. ಮೇಲೆ ಬಿಳಿ ಹಾಳೆ ಹಾಕಿ. ಓರೆ ಬೆಳಕು ನುಣುಪಾದ ಲೋಹದ ಮೇಲೆ ಬಿದ್ದು ಬೇರೆ ಕಡೆಗೆ ಪುಟಿಯುವುದರಿಂದ ಬ್ಲೇಡ್ ಕಪ್ಪಾಗಿ ಕಾಣುತ್ತದೆ. ಕ್ಯಾಮೆರಾಗಳನ್ನು ಅಳೆಯಲೂ ಇಂಥ ಓರೆ ಅಂಚನ್ನೇ ಬಳಸುತ್ತಾರೆ. ಐಎಸ್‌ಒ 12233 ಎಂಬ ಮಾನದಂಡದಲ್ಲಿ ಈ ಕ್ರಮ ಇದೆ.

ಸಾಫ್ಟ್‌ವೇರ್‌ನಲ್ಲಿ ಶಾರ್ಪನಿಂಗ್, ಅಂದರೆ ಅಂಚುಗಳನ್ನು ಕೃತಕವಾಗಿ ಚೂಪು ಮಾಡುವುದನ್ನು, ಆಫ್ ಮಾಡಿ. ಅದು ಆನ್ ಇದ್ದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಈಗ 300, 600, 1200, 2400 ಡಿಪಿಐನಲ್ಲಿ ಒಂದೊಂದು ಸಲ ಸ್ಕ್ಯಾನ್ ಮಾಡಿ. ಬ್ಲೇಡಿನ ಸುತ್ತಲಿನ ಜಾಗವಷ್ಟೇ ಸಾಕು. ಚೌಕಗಳು ಕಾಣುವವರೆಗೆ ದೊಡ್ಡದು ಮಾಡಿ, ಕಪ್ಪಿನಿಂದ ಬಿಳಿಗೆ ಹೋಗಲು ಎಷ್ಟು ಚೌಕ ಬೇಕಾಯಿತು ಎಂದು ಎಣಿಸಿ. ಎರಡು ಮೂರು ಚೌಕ ಆದರೆ ಅಂಚು ಚೂಪಾಗಿದೆ. 600ರಲ್ಲಿ 2 ಚೌಕ, 1200ರಲ್ಲಿ 4, 2400ರಲ್ಲಿ 8 ಬಂತೇ? ಹಾಗಿದ್ದರೆ ನಿಮ್ಮ ಸ್ಕ್ಯಾನರ್ 600ರ ಹತ್ತಿರವೇ ನಿಂತಿದೆ. ಅದರ ಮೇಲೆ ಬೆಳೆಯುವುದು ಫೈಲ್ ಮಾತ್ರ. ನನ್ನದು 600ರಲ್ಲೇ 6 ಚೌಕ ತೋರಿಸಿತು. ಕಣ್ಣು ತೆರೆದದ್ದು ಆಗಲೇ.

ಬ್ಲೇಡನ್ನು ಅಡ್ಡಕ್ಕೂ ಉದ್ದಕ್ಕೂ ಎರಡೂ ರೀತಿ ಇಟ್ಟು ನೋಡಿ. ಡಬ್ಬಿಯ ಮೇಲೆ 2400 × 4800 ಎಂದು ಬರೆದಿದ್ದರೆ ಒಂದು ಅಂಕಿ ಕೋಶಗಳದು, ಇನ್ನೊಂದು ಗಾಡಿ ಎಳೆಯುವ ಮೋಟಾರಿನ ಹೆಜ್ಜೆಗಳದು. ಮೋಟಾರ್ ಸಣ್ಣ ಹೆಜ್ಜೆ ಇಟ್ಟ ಮಾತ್ರಕ್ಕೆ ಲೆನ್ಸ್ ಚುರುಕಾಗುವುದಿಲ್ಲ. 19200 ಎಂದು ಬರೆದಿರುವುದಂತೂ ಲೆಕ್ಕ ಹಾಕಿ ತುಂಬಿದ ಚೌಕಗಳು. ಅದನ್ನು ನೋಡಿ ಯಾರೂ ದುಡ್ಡು ಕೊಡಬೇಡಿ.

ಗಾಜು, ಧೂಳು, ಕನ್ನಡಿ

ನಮ್ಮೂರಿನ ಧೂಳು ಗೊತ್ತಲ್ಲ. ಎರೆ ಮಣ್ಣಿನ ಪುಡಿ ಹಿಟ್ಟಿನಷ್ಟು ನುಣುಪು. ಜಿನ್ನಿಂಗ್ ಮಿಲ್ ಕಡೆ ಮನೆ ಇದ್ದರೆ ಹತ್ತಿಯ ನವಿರು ಬೇರೆ. ಇದರ ಜೊತೆ ಒಳಗಿನ ಪ್ಲಾಸ್ಟಿಕ್ ಬಿಸಿಗೆ ಬಿಡುವ ಆವಿ ಗಾಜಿನ ಕೆಳಬದಿಯಲ್ಲಿ ಮಂಜಿನಂತೆ ಕೂರುತ್ತದೆ. ಟಾರ್ಚ್ ಅನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. ಈ ಮಂಜು ಬೆಳಕನ್ನು ಚೆದುರಿಸುತ್ತದೆ. ಕಪ್ಪು ಬಣ್ಣ ಬೂದು ಬಣ್ಣವಾಗುತ್ತದೆ, ಹತ್ತಿರದ ಎರಡು ಚುಕ್ಕಿಗಳ ನಡುವಿನ ಬಿಳಿ ಸಂದು ಮುಚ್ಚಿಹೋಗುತ್ತದೆ.

ಮೇಲಿನ ಗಾಜನ್ನು ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಿ. ನೀರು ಬೇಕಾದರೆ ಬಟ್ಟೆಗೆ ಹಾಕಿ, ಗಾಜಿಗೆ ಸಿಂಪಡಿಸಬೇಡಿ. ಅಂಚಿನಿಂದ ಒಳಗಿಳಿಯುತ್ತದೆ. ಕೆಳಬದಿ ಒರೆಸಬೇಕಾದರೆ ಮೊದಲು ಕರೆಂಟ್ ವೈರ್ ಕಿತ್ತು ಬದಿಗಿಡಿ. ಸ್ಕ್ರೂಗಳು ಕೆಲವೊಮ್ಮೆ ರಬ್ಬರ್ ಕಾಲುಗಳ ಅಡಿಯಲ್ಲಿ ಅಡಗಿರುತ್ತವೆ. ವಾರಂಟಿ ಇದ್ದರೆ ಬಿಚ್ಚಲೇಬೇಡಿ.

ಕನ್ನಡಿಗಳ ವಿಷಯ ಒತ್ತಿ ಹೇಳುತ್ತೇನೆ. ಮನೆಯ ಕನ್ನಡಿಗೆ ಲೇಪ ಗಾಜಿನ ಹಿಂದೆ ಇರುತ್ತದೆ. ಹಾಗಾಗಿ ಗಾಜಿನ ಮುಖದಿಂದ ಒಂದು, ಲೇಪದಿಂದ ಒಂದು, ಎರಡು ಬಿಂಬ ಬರುತ್ತವೆ. ಸ್ಕ್ಯಾನರ್‌ಗೆ ಅದು ಆಗದು. ಅದಕ್ಕೇ ಅದರ ಕನ್ನಡಿಗೆ ಲೇಪ ಮುಂದೆಯೇ ಇರುತ್ತದೆ. ಬಟ್ಟೆಯಿಂದ ಉಜ್ಜಿದರೆ ಲೇಪವೇ ಕಿತ್ತು ಬರುತ್ತದೆ. ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ರಬ್ಬರ್ ಬ್ಲೋವರ್‌ನಿಂದ ಗಾಳಿ ಹಾಕಿ ಬಿಟ್ಟುಬಿಡಿ. ಬಾಯಿಂದ ಊದಬೇಡಿ, ಎಂಜಲು ಹನಿ ಬೀಳುತ್ತದೆ.

ಪುಟದುದ್ದಕ್ಕೂ ನೇರ ಗೆರೆಯೊಂದು ಬರುತ್ತಿದ್ದರೆ ಗಾಜಿನ ಒಂದು ತುದಿಯಲ್ಲಿರುವ ಬಿಳಿ ಪಟ್ಟಿಯನ್ನು ನೋಡಿ. ಪ್ರತಿ ಸಲ ಸ್ಕ್ಯಾನರ್ 'ಬಿಳಿ ಎಂದರೆ ಇದು' ಎಂದು ಅಲ್ಲಿ ಕಲಿಯುತ್ತದೆ. ಅಲ್ಲೊಂದು ಧೂಳಿನ ಕಣ ಇದ್ದರೆ ಇಡೀ ಪುಟಕ್ಕೆ ಗೆರೆ.

ಫೋಕಸ್ ಎಲ್ಲಿದೆ, ಹುಡುಕಿ

ಸಿಸಿಡಿ ಸ್ಕ್ಯಾನರ್ ಇರುವವರು ಇದನ್ನು ತಪ್ಪದೆ ಮಾಡಿ. ಫೋಕಸ್ ಸರಿಯಾಗಿ ಗಾಜಿನ ಮೇಲ್ಮೈಯಲ್ಲೇ ಇರಬೇಕೆಂದಿಲ್ಲ. ಅರ್ಧ ಮಿಲಿಮೀಟರೋ ಒಂದು ಮಿಲಿಮೀಟರೋ ಮೇಲೆ ಇರಬಹುದು.

ಒಂದು ಸ್ಟೀಲ್ ಸ್ಕೇಲ್ ತೆಗೆದುಕೊಳ್ಳಿ. ಗೆರೆಗಳು ಕೆಳಮುಖವಾಗಿರಲಿ. ಸೊನ್ನೆಯ ತುದಿ ಗಾಜಿಗೆ ತಾಗಿರಲಿ. 100 ಮಿ.ಮೀ. ಗುರುತಿನ ಅಡಿಗೆ 5 ಮಿ.ಮೀ. ದಪ್ಪದ ರಟ್ಟಿನ ಚೂರು ಇಡಿ. ಈಗ ಪ್ರತಿ 10 ಮಿ.ಮೀ.ಗೆ ಸ್ಕೇಲ್ ಅರ್ಧ ಮಿಲಿಮೀಟರ್ ಏರುತ್ತದೆ. 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಯಾವ ಗೆರೆ ಎಲ್ಲಕ್ಕಿಂತ ಚೂಪಾಗಿದೆ ನೋಡಿ. ಸೊನ್ನೆಯ ಹತ್ತಿರ ಇದ್ದರೆ ನೀವು ಅದೃಷ್ಟವಂತರು, ಮುಂದೆ ಹೋಗಿ. 20ರ ಹತ್ತಿರ ಇದ್ದರೆ ಫೋಕಸ್ ಗಾಜಿನಿಂದ 1 ಮಿ.ಮೀ. ಮೇಲಿದೆ. ನನ್ನದು ಹೀಗೇ ಇತ್ತು.

ಆಗ ಕಾಗದವನ್ನೇ ಅಷ್ಟು ಎತ್ತಬೇಕು. ಗಟ್ಟಿ ಕಾಗದವಾದರೆ ಸುಲಭ. ಸಾಮಾನ್ಯ ಜೆರಾಕ್ಸ್ ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಹತ್ತು ಹಾಳೆಗಳ ಪಟ್ಟಿ ಕತ್ತರಿಸಿ ನಾಲ್ಕು ಅಂಚಿಗೆ ಚೌಕಟ್ಟಿನಂತೆ ಇಟ್ಟರೆ 1 ಮಿ.ಮೀ. ಆಯಿತು. ಮೆತ್ತನೆಯ ಹಳೆ ಕಾಗದ ನಡುವೆ ಜೋತುಬೀಳುತ್ತದೆ. ಅದಕ್ಕೆ ತೆಳು ಗಾಜು ಹಾಕಿ ಅದರ ಮೇಲೆ ಕಾಗದ ಇಡಿ. ಒಂದು ಲೆಕ್ಕ ನೆನಪಿರಲಿ: ಗಾಜಿನೊಳಗೆ ಬೆಳಕು ಬಾಗುವುದರಿಂದ 1.5 ಮಿ.ಮೀ. ಗಾಜು ಹಾಕಿದರೆ ಲೆನ್ಸಿನ ಪಾಲಿಗೆ ಕಾಗದ 1 ಮಿ.ಮೀ. ಮಾತ್ರ ಎತ್ತರದಲ್ಲಿದೆ. ಫೋಟೊ ಫ್ರೇಮ್ ಅಂಗಡಿಯಲ್ಲಿ ಗಾಜಿನ ತುಂಡು ಕೇಳಿ. ಅಂಚು ಉಜ್ಜಿಸಿಕೊಳ್ಳಿ.

ಲೆನ್ಸನ್ನೇ ತಿರುಗಿಸಿ ಸರಿಮಾಡಬಾರದೇ ಎಂದು ಕೇಳುವವರಿದ್ದಾರೆ. ಬೇಡ. ಐದು ಪಟ್ಟು ಕುಗ್ಗಿಸುವ ಲೆನ್ಸಿನಲ್ಲಿ ದೂರದ ವ್ಯತ್ಯಾಸ ಐದರ ಐದು ಪಟ್ಟು, ಅಂದರೆ 25 ಪಟ್ಟಿನ ಮೇಲೆ ಹಿಗ್ಗುತ್ತದೆ. ಲೆನ್ಸಿಗೂ ಸೆನ್ಸರ್‌ಗೂ ನಡುವೆ 0.1 ಮಿ.ಮೀ. ಜರುಗಿದರೆ ಮೇಲೆ ಫೋಕಸ್ ಎರಡೂವರೆ ಮಿಲಿಮೀಟರ್‌ಗಿಂತ ಜಾಸ್ತಿ ಓಡುತ್ತದೆ. ಕೈಯಲ್ಲಿ ಆಗುವ ಕೆಲಸ ಅಲ್ಲ. ಬಿಸಿಗೆ ಪ್ಲಾಸ್ಟಿಕ್ ಹಿಗ್ಗುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿ ನೋಡಿ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಅದಕ್ಕೇ ನಾನು ಮುಖ್ಯವಾದ ಕಾಗದಗಳನ್ನು ಬೆಳಗಿನ ತಂಪಿನಲ್ಲೇ ಮಾಡುತ್ತೇನೆ. ಸ್ಕೇಲ್ ಪರೀಕ್ಷೆಯನ್ನು ಬೇಸಿಗೆಗೊಮ್ಮೆ, ಚಳಿಗೊಮ್ಮೆ ಮಾಡಿ ನೋಡಿ.

ಈಗ ಕಾಗದ

ಮಡಿಕೆ ಇದ್ದರೆ ಹಿಂದಿನ ರಾತ್ರಿ ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ಭಾರದ ಪುಸ್ತಕ ಹೇರಿ. ಇಸ್ತ್ರಿ ಬೇಡ, ಟೇಪ್ ಬೇಡ. ಎರಡೂ ಬದಿ ಬರೆದ ತೆಳು ಕಾಗದವಾದರೆ ಹಿಂದೆ ಕಪ್ಪು ಹಾಳೆ ಇಡಿ. ಹಿಂಬದಿಯ ಅಕ್ಷರ ಇಣುಕುವುದು ಕಡಿಮೆಯಾಗುತ್ತದೆ. ಕಾಗದವನ್ನು ಮೂಲೆಗೆ ಒತ್ತರಿಸದೆ ನಡುವೆ ಇಡಿ. ಲೆನ್ಸ್ ಚುರುಕಾಗಿರುವುದು ನಡುವೆ. ಟ್ಯೂಬ್ ದೀಪದ ಹಳೆ ಸ್ಕ್ಯಾನರ್ ಆದರೆ ಐದು ನಿಮಿಷ ಬಿಸಿಯಾಗಲಿ. ಎಲ್ಇಡಿಗೆ ಅದು ಬೇಕಿಲ್ಲ.

ಕಪ್ಪು ಬಿಳುಪು ಕಾಗದ ಎಂದು ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಬೇಡಿ. ಕಲರ್ ಇಡಿ. ಲೆನ್ಸಿನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಒಂದೇ ಜಾಗದಲ್ಲಿ ಕೂಡುವುದಿಲ್ಲ. ಅಕ್ಷರದ ಅಂಚಿಗೆ ಬಣ್ಣದ ಗೆರೆ ಕಾಣುವುದು ಅದಕ್ಕೇ. ಜಿಂಪ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಮೂರು ಬಣ್ಣಗಳನ್ನು ಬೇರೆ ಮಾಡಿ, ಒಂದೊಂದನ್ನೇ ನೋಡಿ. ಹಳದಿ ಕಲೆ ಕೆಂಪಿನಲ್ಲಿ ಬಹುಪಾಲು ಮಾಯವಾಗುತ್ತದೆ. ಮಾಸಿದ ಕಂದು ಮಸಿ ನೀಲಿಯಲ್ಲಿ ಗಾಢವಾಗುತ್ತದೆ. ನನ್ನ ಕಾಗದದಲ್ಲಿ ಹಸಿರು ಎಲ್ಲಕ್ಕಿಂತ ಚೂಪಾಗಿತ್ತು. ಮೂರು ನುಕ್ತಾಗಳು ಬೇರೆ ಬೇರೆಯಾಗಿ ಕಂಡದ್ದು ಅದರಲ್ಲಿ, ಅದೂ 600 ಡಿಪಿಐನಲ್ಲಿ. ಮಾಸ್ತರರು ಊರಿನ ಹೆಸರನ್ನು ಒಂದೇ ಉಸಿರಿಗೆ ಓದಿದರು.

ಎಷ್ಟು ಡಿಪಿಐ ಸಾಕು? ಕಾಗದದಲ್ಲಿರುವ ಅತಿ ಸಣ್ಣ ಚುಕ್ಕಿಯನ್ನು ಅಳೆಯಿರಿ. 0.4 ಮಿ.ಮೀ. ಚುಕ್ಕಿಗೆ 100 ಡಿಪಿಐನಲ್ಲಿ ಒಂದೂವರೆ ಚೌಕ ಸಿಗುತ್ತದೆ, 300ರಲ್ಲಿ ಐದರ ಹತ್ತಿರ, 600ರಲ್ಲಿ ಒಂಬತ್ತು. ಅಚ್ಚಿನ ಅಕ್ಷರಕ್ಕೆ 300 ಸಾಕು. ಕೈಬರಹ, ಸಣ್ಣ ಒತ್ತಕ್ಷರ, ನುಕ್ತಾ ಇದ್ದರೆ 600. ಅದರ ಮೇಲೆ ಹೋಗುವುದು ಬ್ಲೇಡ್ ಪರೀಕ್ಷೆ ಒಪ್ಪಿದರೆ ಮಾತ್ರ. ಎ4 ಪುಟ ಕಲರ್‌ನಲ್ಲಿ 300ಕ್ಕೆ ಸುಮಾರು 26 ಎಂಬಿ, 600ಕ್ಕೆ ಸುಮಾರು 104 ಎಂಬಿ ಆಗುತ್ತದೆ.

ಮೂಲ ಫೈಲನ್ನು ಟಿಫ್ ಎಂಬ ಫೈಲ್ ಬಗೆಯಲ್ಲಿ ಉಳಿಸಿ. ಜೆಪಿಜಿ ಮಾಡಿದರೆ ಚುಕ್ಕಿಯ ಸುತ್ತ ಕೊಳೆಯಂಥ ಕಲೆ ಸೇರಿಕೊಳ್ಳುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆದರೆ ಅದು ಕುಗ್ಗಿಸಿಬಿಡುತ್ತದೆ. ಫೋಕಸ್ ಎತ್ತರ, ಪರೀಕ್ಷೆ ಮಾಡಿದ ತಿಂಗಳು, ಎಷ್ಟು ಡಿಪಿಐವರೆಗೆ ನಿಜ ಎಂಬ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಸ್ಕ್ಯಾನರ್ ಮುಚ್ಚಳದ ಹೊರಬದಿಗೆ ಅಂಟಿಸಿ. ಮುಂದಿನ ಸಲ ಮನೆಯಲ್ಲಿ ಬೇರೆ ಯಾರಾದರೂ ಸ್ಕ್ಯಾನ್ ಮಾಡಿದರೂ ಅದನ್ನು ನೋಡಿಯೇ ಮಾಡುತ್ತಾರೆ.