ಹೋಮ್‌ಸ್ಟೇಗೆ ಹಸಿರು ಬೋರ್ಡ್ ಆಮೇಲೆ, ಮೊದಲು ನೀರಿನ ಮೀಟರ್

ಕಳೆದ ವರ್ಷ ನಂದಿ ಬೆಟ್ಟದ ಬುಡದಲ್ಲಿರುವ ಹೋಮ್‌ಸ್ಟೇ ಒಂದರಲ್ಲಿ ನನ್ನ ಕೈಗೊಂದು ದಪ್ಪ ಫೈಲ್ ಇಟ್ಟರು. ಮೇಲೆ ‘ಪರಿಸರ ನಿರ್ವಹಣಾ ವ್ಯವಸ್ಥೆ’ ಅಂತ ಹೊಂಬಣ್ಣದ ಅಕ್ಷರ. ಹನ್ನೊಂದನೇ ಪುಟದಲ್ಲಿ, ಕಡಲಾಮೆ ಮೊಟ್ಟೆ ಇಡುವ ಕಾಲದಲ್ಲಿ ದಡದ ದೀಪ ಆರಿಸಬೇಕು ಎಂದಿತ್ತು. ಚಿಕ್ಕಬಳ್ಳಾಪುರದಲ್ಲಿ ಕಡಲಾಮೆ! ಯಾವುದೋ ಬೀಚ್ ರೆಸಾರ್ಟಿನ ಫೈಲಿಗೆ ಹೆಸರು ಬದಲಿಸಿ ಯಾರೋ ಮಾರಿದ್ದರು. ದುಡ್ಡು ಕೊಟ್ಟವರು ಅದನ್ನು ಓದಿಯೂ ಇರಲಿಲ್ಲ.

ಈ ಕೆಲಸಕ್ಕೆ ಫೈಲ್ ಕೊಳ್ಳಬೇಕಿಲ್ಲ. ಪರಿಸರ ನಿರ್ವಹಣೆಗೆ ಎಲ್ಲರೂ ಹೆಸರು ಹೇಳುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 14001 ಮೊದಲು ಬಂದದ್ದು 1996ರಲ್ಲಿ, 2015ರಲ್ಲಿ ಅದನ್ನು ತಿದ್ದಿ ಬರೆದರು. ಅದರ ತಿರುಳು ಇಷ್ಟೇ: ನಮ್ಮ ಕೆಲಸದಿಂದ ನೆಲಕ್ಕೆ, ನೀರಿಗೆ, ಗಾಳಿಗೆ ಏನಾಗುತ್ತಿದೆ ಎಂದು ಬರೆಯಿರಿ, ಯಾವುದು ದೊಡ್ಡದು ಎಂದು ಗುರುತಿಸಿ, ಸರಿಮಾಡಿ, ಸರಿಯಾಯಿತಾ ಎಂದು ಅಳೆಯಿರಿ. ಕಾರ್ಖಾನೆಗೂ ಇದೇ, ಐದು ಕೋಣೆಯ ಹೋಮ್‌ಸ್ಟೇಗೂ ಇದೇ.

ಮೊದಲನೇ ಹೆಜ್ಜೆ: ಒಬ್ಬರ ಹೆಸರಿಗೆ ಜವಾಬ್ದಾರಿ ಕೊಡಿ. ಮಾಲೀಕರು ಬೇಡ, ದಿನಾ ಮೋಟರ್ ಹಾಕುವವರೇ ಆಗಲಿ.

ಎರಡನೇ ಹೆಜ್ಜೆ: ಎಲ್ಲಿಯವರೆಗೆ ನಿಮ್ಮ ಲೆಕ್ಕ ಎಂದು ತೀರ್ಮಾನಿಸಿ. ಗೇಟಿಗೇ ನಿಲ್ಲಿಸಬೇಡಿ. ಹೊರಗೆ ಒಗೆಯಲು ಕಳಿಸುವ ಬೆಡ್‌ಶೀಟ್, ರಸ್ತೆ ಬದಿ ನಿಲ್ಲುವ ಅತಿಥಿಗಳ ಕಾರು, ಟ್ಯಾಂಕರ್ ನೀರು ಬರುವ ಬೋರ್‌ವೆಲ್, ಇವೂ ನಿಮ್ಮ ಲೆಕ್ಕವೇ.

ಮೂರನೇ ಹೆಜ್ಜೆ ಪಟ್ಟಿ ಮಾಡುವುದು. ಹತ್ತರಲ್ಲಿ ಒಂಬತ್ತು ಜನ ಎಡವುವುದು ಇಲ್ಲೇ. ಕುರ್ಚಿಯಲ್ಲಿ ಕೂತು ‘ಪ್ಲಾಸ್ಟಿಕ್ ಕಸ, ನೀರು ಪೋಲು, ವಾಯು ಮಾಲಿನ್ಯ’ ಅಂತ ಮೂರು ಸಾಲು ಬರೆದು ಮುಗಿಸುತ್ತಾರೆ. ಅದರಿಂದ ಏನೂ ಮಾಡಲಾಗದು. ಭಾನುವಾರ ಬೆಳಿಗ್ಗೆ ಐದಕ್ಕೆ ನೋಟ್‌ಬುಕ್, ತೂಗುವ ಕೊಕ್ಕೆ ತಕ್ಕಡಿ ಹಿಡಿದು ಹೊರಡಿ. ಬುಧವಾರ ಹೋಗಬೇಡಿ, ಬುಧವಾರ ಎಲ್ಲರ ಮನೆಯೂ ಚೊಕ್ಕಟ. ಸೂರ್ಯೋದಯ ನೋಡಲು ಬೆಂಗಳೂರಿನಿಂದ ಕಾರುಗಳು ಸಾಲುಗಟ್ಟಿ ಬರುವ ಹೊತ್ತಿನಲ್ಲೇ ನೋಡಬೇಕು.

ಒಂದೊಂದಕ್ಕೂ ಮೂರು ಕಲಂ: ಏನು ಮಾಡುತ್ತೇವೆ, ಏನು ಹೊರಬರುತ್ತದೆ, ಅದು ಕೊನೆಗೆ ಎಲ್ಲಿ ಸೇರುತ್ತದೆ. ಕಷ್ಟ ಇರುವುದು ಮೂರನೆಯದರಲ್ಲಿ. ಅಡುಗೆಮನೆ ನೀರು ಎಲ್ಲಿಗೆ ಹೋಗುತ್ತದೆ ಅಂದರೆ ಎಲ್ಲರೂ ‘ಇಂಗುಗುಂಡಿಗೆ’ ಎನ್ನುತ್ತಾರೆ. ನಂಬಬೇಡಿ. ಒಂದು ಬಕೆಟ್ ನೀರಿಗೆ ಎರಡು ಚಮಚ ಅರಿಶಿನ ಕದಡಿ ಸಿಂಕಿಗೆ ಸುರಿಯಿರಿ, ಹಿಂದೆ ಹೋಗಿ ನಿಲ್ಲಿ. ಕಡಲಾಮೆಯ ಹೋಮ್‌ಸ್ಟೇಯಲ್ಲಿ ಹಳದಿ ನೀರು ಬಂದದ್ದು ಪಕ್ಕದವರ ಹಿಪ್ಪುನೇರಳೆ ತೋಟದ ಬದುವಿಗೆ. ಗುಂಡಿ ತುಂಬಿ ಎಷ್ಟು ವರ್ಷವಾಗಿತ್ತೋ, ಯಾರಿಗೂ ಗೊತ್ತಿರಲಿಲ್ಲ.

ಮಾಮೂಲಿ ದಿನದ್ದು ಬರೆದರೆ ಸಾಲದು. ಶಿವರಾತ್ರಿಗೆ ನಂದಿ ಗ್ರಾಮದ ಭೋಗನಂದೀಶ್ವರನ ತೇರು, ಆಗ ನಾಲ್ಕು ಜನರ ಕೋಣೆಯಲ್ಲಿ ಎಂಟು ಜನ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ. ಟ್ಯಾಂಕರ್ ಬಾರದ ದಿನ. ಇವಕ್ಕೂ ಒಂದೊಂದು ಸಾಲು ಇರಲಿ.

ಆಮೇಲೆ ಅಂಕ ಹಾಕಿ. ಎಷ್ಟು ಸಲ ಆಗುತ್ತದೆ, ಎಷ್ಟು ಕೆಡಿಸುತ್ತದೆ, ಎರಡಕ್ಕೂ ಒಂದರಿಂದ ಐದು. ಗುಣಿಸಿ. ಮೇಲಿನ ಮೂರನ್ನು ಮಾತ್ರ ಈ ವರ್ಷ ಹಿಡಿಯಿರಿ. ಮೂವತ್ತನ್ನೂ ಹಿಡಿದವರು ಒಂದನ್ನೂ ಮುಗಿಸಿದ್ದು ನಾನು ಕಂಡಿಲ್ಲ.

ಇಲ್ಲೊಂದು ಮಾತು. ಪ್ಲಾಸ್ಟಿಕ್ ಲೋಟ ಬಿಟ್ಟು ಪೇಪರ್ ಕಪ್ ತಂದರೆ ಆಯಿತು ಅಂತ ಸುಮ್ನೆ ಖುಷಿಪಡಬೇಡಿ. ಸಾಮಾನ್ಯವಾಗಿ ಅದರ ಒಳಗೂ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ, ತಿಪ್ಪೆಯಲ್ಲಿ ಗೊಬ್ಬರವಾಗದು. ‘ಬಯೋ’ ಎಂದು ಬರೆದ ಹಸಿರು ಕವರನ್ನೂ ನಾನು ನಂಬುವುದಿಲ್ಲ. ಸ್ಟೀಲ್ ಲೋಟ ಇಡಿ, ತೊಳೆಯಿರಿ. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ಪಟ್ಟಿಯಲ್ಲಿ ಪ್ಲಾಸ್ಟಿಕ್ ಲೋಟ, ಚಮಚ, ಸ್ಟ್ರಾ ಇವೆ, ನೀರಿನ ಬಾಟಲಿ ಇಲ್ಲ. ಹಾಗಾಗಿ ಬಾಟಲಿಯನ್ನು ನೀವೇ ನಿಲ್ಲಿಸಬೇಕು. ಪ್ರತಿ ಕೋಣೆಗೆ ಒಂದು ಹೂಜಿ ಸಾಕು.

ನಾಲ್ಕನೇ ಹೆಜ್ಜೆ ಗುರಿ. ‘ನೀರು ಉಳಿಸೋಣ’ ಎನ್ನುವುದು ಗುರಿ ಅಲ್ಲ, ಗೋಡೆಬರಹ. ನಮ್ಮ ಈ ಕಡೆ ನೀರನ್ನೇ ಮೊದಲು ಹಿಡಿಯಬೇಕು ಎನ್ನುವುದು ನನ್ನ ಹಟ. ಸೋಮವಾರ ಮೀಟರ್ 412 ತೋರಿಸಿತು, ಮುಂದಿನ ಸೋಮವಾರ 433 ಅಂದುಕೊಳ್ಳಿ. ಮೀಟರಿನ ಒಂದು ಅಂಕಿ ಅಂದರೆ ಸಾವಿರ ಲೀಟರ್, ಹಾಗಾಗಿ ವಾರಕ್ಕೆ 21 ಸಾವಿರ ಲೀಟರ್. ಆ ವಾರ ದಿನದಿನ ತಂಗಿದವರನ್ನು ಏಳೂ ದಿನ ಕೂಡಿಸಿದರೆ ಒಟ್ಟು 60. ತಲೆಗೆ ದಿನಕ್ಕೆ 350 ಲೀಟರ್! ಜಲ ಜೀವನ್ ಮಿಷನ್ ಪಕ್ಕದ ಹಳ್ಳಿಯವರಿಗೆ ಕೊಡಬೇಕೆಂದುಕೊಂಡಿರುವುದು ತಲೆಗೆ 55. ಜಾಸ್ತಿ ಆಯ್ತು, ಅಲ್ವಾ? ‘ಯುಗಾದಿ ಒಳಗೆ 250ಕ್ಕೆ ಇಳಿಸುತ್ತೇವೆ’ ಎಂದು ಬರೆದರೆ ಅದು ಗುರಿ.

ಪ್ರಮಾಣಪತ್ರ ಬೇಕೇಬೇಕಾ? ಮಾನದಂಡ ಬರೆದ ಐಎಸ್ಒ ಸಂಸ್ಥೆ ತಾನಾಗಿ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಬೇರೆ ಸಂಸ್ಥೆಗಳು ಬಂದು ಪರೀಕ್ಷಿಸಿ ಮೂರು ವರ್ಷಕ್ಕೆ ಕೊಡುತ್ತವೆ, ನಡುವೆ ವರ್ಷವರ್ಷವೂ ತಪಾಸಣೆ. ಸಣ್ಣವರು ಆ ದುಡ್ಡಲ್ಲಿ ಇಂಗುಗುಂಡಿ ತೋಡಿಸುವುದು ಮೇಲು.

ಐದನೇ ಹೆಜ್ಜೆ ಅಳೆಯುವುದು. ಸೋಮವಾರದ ಅಂಕಿಯನ್ನು ಅಡುಗೆಮನೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯಿರಿ. ಕಂಪ್ಯೂಟರಿಗೆ ಹಾಕಿದರೆ ಯಾರೂ ನೋಡುವುದಿಲ್ಲ. ತಿಂಗಳಿಗೊಮ್ಮೆ ರಾತ್ರಿ ಹನ್ನೊಂದಕ್ಕೆ, ಮತ್ತೆ ಬೆಳಿಗ್ಗೆ ನಾಲ್ಕಕ್ಕೆ, ಮೋಟರ್ ಮುಟ್ಟದೆ ತೊಟ್ಟಿಯಿಂದ ಮನೆಗೆ ಹೋಗುವ ಪೈಪಿನ ಮೀಟರ್ ನೋಡಿ. ಎಲ್ಲರೂ ಮಲಗಿದ್ದಾಗಲೂ ಮುಳ್ಳು ಚೆನ್ನಾಗಿ ತಿರುಗಿದ್ದರೆ ಎಲ್ಲೋ ಸೋರುತ್ತಿದೆ, ಹೆಚ್ಚಾಗಿ ಯಾವುದೋ ಕೋಣೆಯ ಫ್ಲಶ್. ಅದೇ ಅರಿಶಿನದ ನೀರನ್ನು ಒಂದೊಂದು ಫ್ಲಶ್ ಟ್ಯಾಂಕಿಗೂ ಸ್ವಲ್ಪ ಹಾಕಿ ಅರ್ಧ ಗಂಟೆ ಬಿಡಿ. ಕಮೋಡ್ ಹಳದಿಯಾದ ಕೋಣೆಗೆ ಮೊದಲು ಪ್ಲಂಬರ್ ಕಳಿಸಿ.